ಅರ್ಧಬಲದ ಅಳತೆ

ಕಲಬುರಗಿಯ ಗಂಜಿನಲ್ಲಿ ತೊಗರಿಯ ಚೀಲವನ್ನು ತೂಗುವುದಕ್ಕೆ ತಕ್ಕಡಿಯುಂಟು. ಆ ಚೀಲವನ್ನು ಬೆನ್ನಿಗೇರಿಸಿಕೊಂಡು ಲಾರಿಗೆ ತುಂಬುವ ಹಮಾಲನ ಶ್ರಮವನ್ನು ತೂಗುವುದಕ್ಕೆ ಎಂಥ ತಕ್ಕಡಿ ಬೇಕು? ಚೀಲದ ತೂಕ ಬೆಳಗ್ಗೆಯೂ ಅಷ್ಟೇ, ಸಂಜೆಯೂ ಅಷ್ಟೇ. ಹೊರುವವನಿಗೆ ಮಾತ್ರ ಬೆಳಗಿನ ಮೊದಲನೆಯ ಚೀಲ ಬೇರೆ, ಹೊತ್ತು ಇಳಿಯುವಾಗಿನ ಕೊನೆಯ ಚೀಲ ಬೇರೆ. ಇಪ್ಪತ್ತರ ಹುಡುಗನಿಗೆ ಹಗುರವೆನಿಸಿದ್ದು ಐವತ್ತರವನಿಗೆ ಭಾರ; ಮಾಗಿಯ ಚಳಿಯಲ್ಲಿ ಸಲೀಸಾಗಿ ಎತ್ತಿದ್ದು ವೈಶಾಖದ ಬಿಸಿಲಿನಲ್ಲಿ ಸೊಂಟ ಮುರಿಯುವಂಥದು. ಭಾರ ವಸ್ತುವಿಗೆ ಸೇರಿದ್ದು, ಶ್ರಮ ಹೊತ್ತವನಿಗೆ ಸೇರಿದ್ದು.

ಈ ವ್ಯತ್ಯಾಸ ಎಲ್ಲರಿಗೂ ಗೊತ್ತಿರುವಂಥದೇ. ಆದರೆ ಗೊತ್ತಿರುವುದನ್ನು ಅಳೆಯುವುದು ಹೇಗೆ ಎಂಬುದು ಬೇರೆ ಪ್ರಶ್ನೆ. ಇಂದು ನಮ್ಮ ನಗರದ ಬಡಾವಣೆಗಳಲ್ಲೆಲ್ಲ ಜಿಮ್ಮುಗಳು ತೆರೆದಿವೆ. ಕಾಲೇಜಿನ ಹುಡುಗರು ಸಂಜೆ ಅಲ್ಲಿಗೆ ಹೋಗಿ ಕಬ್ಬಿಣದ ತಟ್ಟೆಗಳನ್ನು ಎತ್ತುತ್ತಾರೆ. ಎಷ್ಟು ಕಿಲೋ ಎತ್ತಿದೆವೆಂಬ ಲೆಕ್ಕವನ್ನು ಮರುದಿನ ತರಗತಿಯ ಹೊರಗೆ ನಿಂತು ಒಬ್ಬರಿಗೊಬ್ಬರು ಒಪ್ಪಿಸುತ್ತಾರೆ. ಎಷ್ಟು ಎತ್ತಿದೆ ಎಂಬುದಕ್ಕೆ ಉತ್ತರ ತಟ್ಟೆಯ ಮೇಲೆಯೇ ಅಚ್ಚಾಗಿದೆ. ಎಷ್ಟು ಕಷ್ಟಪಟ್ಟು ಎತ್ತಿದೆ, ಎಲ್ಲಿಗೆ ನಿಲ್ಲಿಸಬೇಕಾಗಿತ್ತು ಎಂಬುದಕ್ಕೆ ಉತ್ತರ ಎಲ್ಲಿಯೂ ಅಚ್ಚಾಗಿಲ್ಲ. ಮನುಷ್ಯ ಈ ಉತ್ತರವನ್ನು ಹುಡುಕುತ್ತ ಬಂದ ಬಗೆಗೆ ಒಂದು ಚರಿತ್ರೆಯಿದೆ. ಅದರ ಕೆಲವು ಘಟ್ಟಗಳು ನಮ್ಮ ನೆರೆಹೊರೆಯಲ್ಲಿಯೇ ನಡೆದುವೆಂಬುದು ವಾಚಕರಿಗೆ ಸೋಜಿಗವೆನಿಸಬಹುದು.

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟರೆ ನಡುವೆ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಯ ಹಣ್ಣಿಗೆ ಹೆಸರಾದ ಊರು. ಈಗ ತಾಲೂಕಿನ ಮುಖ್ಯಸ್ಥಳ. ಅಲ್ಲಿಂದ ಮುಂದೆ ಹುಮನಾಬಾದಿಗೆ ಹೋಗಿ ಪಶ್ಚಿಮಕ್ಕೆ ತಿರುಗಿದರೆ ಬಸವಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಅದು ಬರಿಯ ಕಲ್ಯಾಣ; ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಅಲ್ಲಿ ೧೧೨೬ರಿಂದ ೧೧೩೮ರವರೆಗೆ ಆಳಿದನು. ಯುದ್ಧದಲ್ಲಿ ತಂದೆಯಷ್ಟು ಹೆಸರು ಗಳಿಸದಿದ್ದರೂ ಈ ದೊರೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ಬಿಟ್ಟುಹೋದನು. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ಒಟ್ಟು ನೂರು ಅಧ್ಯಾಯಗಳು. ರಾಜ್ಯಭಾರದಿಂದ ಅಡುಗೆಯವರೆಗೆ, ಆನೆಯ ವೈದ್ಯದಿಂದ ಸಂಗೀತದವರೆಗೆ ಅದರಲ್ಲಿ ಇಲ್ಲದ ವಿಷಯವೇ ಕಡಿಮೆ.

ಅದರ ವಿನೋದಗಳ ಭಾಗದಲ್ಲಿ ಮಲ್ಲವಿನೋದವೆಂಬುದೊಂದು. ಕುಸ್ತಿಯ ಜಟ್ಟಿಗಳನ್ನು ಹೇಗೆ ಆರಿಸಬೇಕು, ಹೇಗೆ ಉಣಿಸಬೇಕು, ಹೇಗೆ ಪಳಗಿಸಬೇಕು ಎಂಬ ವಿವರ ಅಲ್ಲಿದೆ. ದೇಹ, ಬಲ, ಕೌಶಲಗಳನ್ನು ನೋಡಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮೂರು ತರಗತಿ ಮಾಡಿದ್ದಾನೆ. ನಮ್ಮ ‘ಜಟ್ಟಿ’ ಎಂಬ ಮಾತು ಈ ‘ಜ್ಯೇಷ್ಠಿ’ಯಿಂದಲೇ ಬಂದುದೆಂದು ವಿದ್ವಾಂಸರ ಅಭಿಪ್ರಾಯ. ಇಪ್ಪತ್ತು ವರ್ಷದವರೆಗಿನ ಮಲ್ಲನಿಗೆ ಒಂದು ಹೆಸರು, ಮೂವತ್ತರವರೆಗಿನವನಿಗೆ ಇನ್ನೊಂದು. ಅವರ ಅಭ್ಯಾಸಗಳಿಗೂ ಹೆಸರುಗಳುಂಟು: ಭಾರವೆತ್ತುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ಕಂಬದ ಮೇಲಿನ ಸಾಧನೆ ಸ್ತಂಭಶ್ರಮ. ಇಂದಿನ ಮಲ್ಲಕಂಬದ ಹಳೆಯ ಗುರುತುಗಳಲ್ಲಿ ಈ ಕೊನೆಯದೂ ಒಂದು.

ಈ ಹೆಸರುಗಳನ್ನು ಗಮನಿಸಿ. ವ್ಯಾಯಾಮದ ಒಂದೊಂದು ಬಗೆಗೂ ‘ಶ್ರಮ’ವೆಂದೇ ಹೆಸರು. ಎತ್ತಿದ ಕಲ್ಲಿಗಲ್ಲ, ಈಜಿದ ದೂರಕ್ಕಲ್ಲ, ಪಟ್ಟ ಪಾಡಿಗೆ ಹೆಸರಿಟ್ಟಿದ್ದಾರೆ. ಆದರೂ ಒಂದು ಮಾತನ್ನು ಮರೆಯಬಾರದು. ಮಲ್ಲನ ಈ ಶ್ರಮವೆಲ್ಲ ದೊರೆಯ ವಿನೋದಕ್ಕಾಗಿ. ಉಣಿಸುವವನು ಅರಸ, ಕಾಳಗ ಹೂಡುವವನು ಅರಸ, ಸೋಲುಗೆಲವನ್ನು ತೀರ್ಮಾನಿಸುವವನೂ ಅವನೇ. ಮಲ್ಲನಿಗೆ ಎಷ್ಟು ದಣಿವಾಯಿತು, ಇನ್ನೆಷ್ಟು ಶಕ್ತಿ ಉಳಿದಿದೆ ಎಂಬುದನ್ನು ಮಲ್ಲನ ಬಾಯಿಂದ ಕೇಳುವ ಪದ್ಧತಿ ಆ ಕಾಲದ ಅರಮನೆಯದಲ್ಲ.

ಆ ಪ್ರಶ್ನೆಯನ್ನು ಕೇಳಿದವರು ವೈದ್ಯರು. ಮಾನಸೋಲ್ಲಾಸಕ್ಕೆ ಎಷ್ಟೋ ಶತಮಾನ ಮೊದಲೇ ಆಯುರ್ವೇದದ ಗ್ರಂಥಗಳು ವ್ಯಾಯಾಮಕ್ಕೆ ಒಂದು ಎಲ್ಲೆಯನ್ನು ಹಾಕಿದ್ದುವು. ಸುಶ್ರುತ, ವಾಗ್ಭಟ ಇಬ್ಬರೂ ಹೇಳುವುದು ಒಂದೇ: ತನ್ನಲ್ಲಿರುವ ಬಲದ ಅರ್ಧದಷ್ಟು ವ್ಯಾಯಾಮ ಮಾಡು. ಆದರೆ ಅರ್ಧವಾಯಿತೆಂದು ತಿಳಿಯುವುದು ಹೇಗೆ? ಸುಶ್ರುತಸಂಹಿತೆ ಅದಕ್ಕೊಂದು ಗುರುತು ಕೊಡುತ್ತದೆ. ಎದೆಯಲ್ಲಿ ನೆಲಸಿರುವ ವಾಯು ಬಾಯಿಗೆ ಬಂದಾಗ, ಅಂದರೆ ಮೂಗಿನ ಉಸಿರು ಸಾಲದೆ ಬಾಯಿ ತೆರೆಯಬೇಕಾಗಿ ಬಂದಾಗ, ಅರ್ಧಬಲ ಮುಗಿಯಿತೆಂದು ತಿಳಿಯಬೇಕು. ಬಳಿಕದ ವೈದ್ಯಗ್ರಂಥಗಳು ಇನ್ನೂ ಕೆಲವು ಗುರುತುಗಳನ್ನು ಸೇರಿಸಿದುವು: ಹಣೆ, ಮೂಗು, ಕಂಕುಳು, ಕೈಕಾಲಿನ ಸಂದುಗಳಲ್ಲಿ ಬೆವರು, ಬಾಯಿ ಒಣಗುವುದು.

ಇದು ಜಾಣತನದ ಅಳತೆ. ಕಲ್ಲು ಎಷ್ಟು ದೊಡ್ಡದೆಂದು ಅದು ಕೇಳುವುದಿಲ್ಲ. ಬಡಕಲು ಮನುಷ್ಯನಿಗೆ ಹತ್ತು ಸೇರಿನ ಕಲ್ಲು ಉಸಿರು ಬಿಡಿಸಬಹುದು. ಪೈಲ್ವಾನನಿಗೆ ಅದು ಆಟ. ಉಸಿರು ಬಾಯಿಗೆ ಬರುವ ಗಳಿಗೆ ಮಾತ್ರ ಇಬ್ಬರಿಗೂ ಅವರವರ ದೇಹದ ಒಂದು ಎಲ್ಲೆಯನ್ನೇ ತೋರಿಸುತ್ತದೆ. ವಯಸ್ಸು, ಬಲ, ಶರೀರ, ದೇಶ, ಕಾಲ, ಆಹಾರ ಇಷ್ಟನ್ನೂ ನೋಡಿಕೊಂಡೇ ವ್ಯಾಯಾಮ ಮಾಡಬೇಕೆಂದು ಸುಶ್ರುತನ ಎಚ್ಚರಿಕೆ. ವಾಗ್ಭಟನಂತೂ ಋತುವನ್ನೇ ಹೇಳಿಬಿಡುತ್ತಾನೆ. ಬಲಶಾಲಿಗಳು, ಜಿಡ್ಡಿನ ಊಟ ಮಾಡುವವರು ಚಳಿಗಾಲದಲ್ಲಿಯೂ ವಸಂತದಲ್ಲಿಯೂ ಅರ್ಧಶಕ್ತಿಯಷ್ಟು ಮಾಡಲಿ. ಉಳಿದ ಕಾಲದಲ್ಲಿ ಇನ್ನೂ ಕಡಿಮೆ. ಬೇಸಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಕಲಬುರಗಿಯವರಿಗೆ ಈ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲೆ ಮೀರಿದರೆ ಏನಾಗುತ್ತದೆಂಬುದನ್ನು ಚರಕನು ಪಟ್ಟಿ ಮಾಡಿದ್ದಾನೆ: ಆಯಾಸ, ಬಳಲಿಕೆ, ಧಾತುಕ್ಷಯ, ಬಾಯಾರಿಕೆ, ರಕ್ತಸ್ರಾವ, ಉಬ್ಬಸ, ಕೆಮ್ಮು, ಜ್ವರ, ವಾಂತಿ. ಆನೆಯನ್ನು ಎಳೆಯಹೋದ ಸಿಂಹ ತಾನೇ ನಾಶವಾಗುವಂತೆ ಅತಿ ವ್ಯಾಯಾಮದವನು ಕೆಡುತ್ತಾನೆಂಬ ಹೋಲಿಕೆಯೂ ಅಲ್ಲಿದೆ. ಸಿಂಹಕ್ಕೆ ಬಲ ಸಾಲದೆಂದಲ್ಲ. ಬಲದ ಅಳತೆ ತಿಳಿಯದೆಂದು ಈ ಹೋಲಿಕೆಯ ಇಂಗಿತ.

ಬೆವರನ್ನೇ ನಂಬಿ ಕೂಡುವುದಕ್ಕೂ ಬರುವುದಿಲ್ಲ. ನಮ್ಮ ರನ್ನನ ‘ಗದಾಯುದ್ಧ’ದಲ್ಲಿ ಸರೋವರದ ತಂಪಿನಲ್ಲಿ ಅಡಗಿದ ದುರ್ಯೋಧನನಿಗೆ ಭೀಮನ ಕೂಗು ಕೇಳಿ ಮೈ ಬೆವರುತ್ತದೆ. ಅದು ಶ್ರಮದ ಬೆವರಲ್ಲ, ರೋಷದ ಬೆವರು. ಕವಿಗೆ ಗೊತ್ತಿದ್ದ ಈ ಭೇದವನ್ನು ವ್ಯಾಯಾಮ ಮಾಡುವವರೂ ತಿಳಿದಿರಬೇಕು. ಮೇ ತಿಂಗಳಲ್ಲಿ ಸುಮ್ಮನೆ ಕುಳಿತವನೂ ಬೆವರುತ್ತಾನೆ. ಡಿಸೆಂಬರಿನಲ್ಲಿ ಚೆನ್ನಾಗಿ ದುಡಿದವನ ಹಣೆ ಒಣಗಿರಬಹುದು. ವೈದ್ಯರು ಒಂದೇ ಗುರುತನ್ನು ಕೊಡದೆ ನಾಲ್ಕಾರು ಗುರುತುಗಳನ್ನು ಕೊಟ್ಟುದರ ಕಾರಣ ಇದೇ ಇರಬೇಕು.

ಬೆವರನ್ನು ಅಳತೆಗೋಲಾಗಿ ಮಾಡಿಕೊಂಡ ಅರಸನೊಬ್ಬನ ಚಿತ್ರ ಇನ್ನೊಂದು ಕಮಲಾಪುರದ ನೆರೆಯಲ್ಲಿ ನಮಗೆ ದೊರೆಯುತ್ತದೆ. ಅದು ಹಂಪೆಯ ಕಮಲಾಪುರ. ವಿಜಯನಗರದ ಅರಮನೆಯ ಆವರಣಕ್ಕೆ ಹೊಂದಿಕೊಂಡ ಊರು. ಸುಮಾರು ೧೫೨೦ರಲ್ಲಿ ಅಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ರಾಬರ್ಟ್ ಸೀವೆಲ್ ೧೯೦೦ರಲ್ಲಿ ಅದನ್ನು ಇಂಗ್ಲಿಷಿಗೆ ತಂದು ಪ್ರಕಟಿಸಿದ ಮೇಲೆ ನಮ್ಮವರಿಗೆ ಈ ಸಂಗತಿ ತಿಳಿದುಬಂತು. ಅರಸನು ಬೆಳಗಾಗುವ ಮುಂಚೆ ಎದ್ದು ಮುಕ್ಕಾಲು ಪಿಂಟಿನಷ್ಟು, ಎಂದರೆ ಇಂದಿನ ಲೆಕ್ಕದಲ್ಲಿ ೪೦೦ ಮಿಲಿಲೀಟರಿಗೂ ಮಿಕ್ಕು, ಎಳ್ಳೆಣ್ಣೆ ಕುಡಿಯುತ್ತಿದ್ದನಂತೆ. ಅದೇ ಎಣ್ಣೆಯನ್ನು ಮೈಗೆಲ್ಲ ಬಳಿದುಕೊಂಡು, ಸೊಂಟಕ್ಕೊಂದು ತುಂಡುಬಟ್ಟೆ ಸುತ್ತಿ, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳುಗಳಲ್ಲಿ ಎತ್ತುತ್ತಿದ್ದನು. ಆಮೇಲೆ ಕತ್ತಿ ಹಿಡಿದು ವರಸೆ ಮಾಡುತ್ತಿದ್ದನು. ಎಲ್ಲಿಯವರೆಗೆ? ಮೈಗೆ ಹತ್ತಿದ ಎಣ್ಣೆಯೆಲ್ಲ ಬೆವರಾಗಿ ಹೊರಬರುವವರೆಗೆ. ಬಳಿಕ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿ; ಅನಂತರ ಬೆಳಕು ಹರಿಯುವವರೆಗೆ ಬಯಲಿನಲ್ಲಿ ಕುದುರೆ ಸವಾರಿ.

ಪಾಯೆಸನಿಗೆ ವೈದ್ಯಶಾಸ್ತ್ರದ ಗೊಡವೆಯಿರಲಿಲ್ಲ; ಕಂಡದ್ದನ್ನೋ ಕೇಳಿದ್ದನ್ನೋ ಬರೆದನು. ಅವನ ಬರಹದಲ್ಲಿ ಭಾರದ ತೂಕವಿಲ್ಲ, ಎತ್ತಿದ ಸಲದ ಎಣಿಕೆಯಿಲ್ಲ. ಅರಸನು ನಿಲ್ಲಿಸುತ್ತಿದ್ದುದು ಎಣಿಕೆ ಮುಗಿದಾಗಲ್ಲ, ದೇಹ ಗುರುತು ತೋರಿಸಿದಾಗ. ಕಲ್ಯಾಣದ ಮಲ್ಲನಿಗೂ ವಿಜಯನಗರದ ಅರಸನಿಗೂ ಇರುವ ಅಂತರ ಇಲ್ಲಿ ಎದ್ದು ಕಾಣುತ್ತದೆ. ಮಲ್ಲ ಇನ್ನೊಬ್ಬರ ಕಣ್ಣಿಗಾಗಿ ದಣಿಯುತ್ತಾನೆ. ಅರಸ ತನಗಾಗಿ ದಣಿಯುತ್ತಾನೆ; ಆದುದರಿಂದ ತನ್ನ ಅಳತೆಯನ್ನು ತಾನೇ ಹಿಡಿಯುತ್ತಾನೆ.

ಇತ್ತ ಕಲಬುರಗಿ ೧೩೪೭ರಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾಯಿತು. ಮುಂದೆ ರಾಜಧಾನಿ ಬೀದರಿಗೆ ಹೋದರೂ ಪಾರಸಿಯ ಪ್ರಭಾವ ನಮ್ಮ ಮಾತಿನಲ್ಲಿ ಉಳಿಯಿತು. ಗರಡಿಮನೆಯಷ್ಟು ಇದನ್ನು ತೋರುವ ಜಾಗ ಇನ್ನೊಂದಿಲ್ಲ. ಬಾಗಿಲಲ್ಲಿ ಹಣಮಂತ ದೇವರು. ಒಳಗೆ ಆಡುವ ಮಾತೆಲ್ಲ ಅರಬ್ಬಿ-ಪಾರಸಿ. ಪೈಲ್ವಾನ, ಉಸ್ತಾದ ಇವು ಪಾರಸಿ. ತಾಲೀಮು ಎಂದರೆ ಅರಬ್ಬಿಯಲ್ಲಿ ಕಲಿಸುವುದು. ಕಸರತ್ತು ಎಂಬ ಮಾತಿನ ಮೂಲಾರ್ಥವಂತೂ ವಿಚಾರ ಮಾಡತಕ್ಕದ್ದು: ಅರಬ್ಬಿಯಲ್ಲಿ ಅದಕ್ಕೆ ಹೆಚ್ಚಳ, ಬಹಳವಾಗಿರುವಿಕೆ ಎಂದರ್ಥ. ಮತ್ತೆ ಮತ್ತೆ ಮಾಡುವುದರಿಂದ ಆಗುವ ಸಾಧನೆಗೆ ಆ ಹೆಸರು ಬಂತು. ಕಲ್ಯಾಣದ ಮಾತಿನಲ್ಲಿ ವ್ಯಾಯಾಮಕ್ಕೆ ಶ್ರಮದ ಹೆಸರಾದರೆ, ತಾಲೀಮಿನ ಮಾತಿನಲ್ಲಿ ಅದಕ್ಕೆ ಎಣಿಕೆಯ ಹೆಸರು. ನೂರು ದಂಡ, ಇನ್ನೂರು ಬೈಠಕ್ ಎಂದು ಲೆಕ್ಕ ಹಿಡಿಯುವುದು ಈ ಕಸರತ್ತಿನ ಕ್ರಮ.

ಎಣಿಕೆಗೆ ಒಂದು ಅನುಕೂಲವುಂಟು. ನಿನ್ನೆಗಿಂತ ಇಂದು ಹೆಚ್ಚು ಮಾಡಿದೆನೋ ಇಲ್ಲವೋ ಎಂಬುದು ಹುಡುಗನಿಗೂ ತಿಳಿಯುತ್ತದೆ. ಅನನುಕೂಲವೂ ಉಂಟು. ನೂರನೆಯ ದಂಡ ಹಾಕುವಾಗ ಒಬ್ಬನಿಗೆ ಇನ್ನೂ ಐವತ್ತರ ಶಕ್ತಿ ಉಳಿದಿರುತ್ತದೆ, ಇನ್ನೊಬ್ಬನಿಗೆ ಕಣ್ಣು ಕತ್ತಲೆಗಟ್ಟುತ್ತಿರುತ್ತದೆ. ಎಣಿಕೆ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಈ ಕೊರತೆಯನ್ನು ತುಂಬುತ್ತಿದ್ದವನು ಉಸ್ತಾದ. ಒಳ್ಳೆಯ ಉಸ್ತಾದ ಎಣಿಕೆಯನ್ನು ಶಿಷ್ಯನಿಗೆ ಬಿಟ್ಟು ತಾನು ಶಿಷ್ಯನ ಮೈಯನ್ನು ನೋಡುತ್ತಾನೆ. ತೋಳು ನಡುಗುತ್ತಿದೆಯೆ, ನಡು ಕುಸಿಯುತ್ತಿದೆಯೆ, ಏಳುವ ವೇಗ ಇಳಿಯಿತೆ, ಉಸಿರು ತಾಳ ತಪ್ಪಿತೆ, ಮುಖದ ಬಣ್ಣ ಬದಲಾಯಿತೆ: ಇವೇ ಅವನ ತೂಕದ ಕಲ್ಲುಗಳು. ಇಷ್ಟನ್ನು ನೋಡಿ ಅವನು ‘ಸಾಕು’ ಎಂದರೆ ಸಾಕು. ‘ಇನ್ನೊಂದು’ ಎಂದರೆ ಇನ್ನೊಂದು.

ಊರ ಜಾತ್ರೆಯ ಅಳತೆ ಇದಕ್ಕಿಂತ ಒರಟು. ನಮ್ಮ ಕಡೆಯ ಹಳ್ಳಿಗಳಲ್ಲಿ ಹಬ್ಬ-ಜಾತ್ರೆಗಳಲ್ಲಿ ಗುಂಡುಕಲ್ಲು, ಸಂಗ್ರಾಣಿ ಕಲ್ಲು, ಉಸುಕಿನ ಚೀಲ ಎತ್ತುವ ಪಂದ್ಯಗಳು ಈಗಲೂ ನಡೆಯುತ್ತವೆ. ಕಲ್ಲು ಎರಡೇ ಮಾತು ಬಲ್ಲದು: ಎದ್ದೆ, ಏಳಲಿಲ್ಲ. ಗ್ರೀಸಿನ ಒಲಿಂಪಿಯದಲ್ಲಿ ದೊರೆತ ಕಲ್ಲೊಂದು ಕ್ರಿಸ್ತಪೂರ್ವ ಆರನೆಯ ಶತಮಾನದ್ದು. ತೂಕ ೧೪೩ ಕಿಲೋಗ್ರಾಮಿಗೂ ಹೆಚ್ಚು. ಬೈಬೋನನೆಂಬವನು ಒಂದೇ ಕೈಯಿಂದ ಅದನ್ನು ತಲೆಯ ಮೇಲೆ ಎತ್ತಿದನೆಂದು ಕಲ್ಲಿನ ಮೇಲೆಯೇ ಬರೆದಿದೆ. ಎತ್ತಿದ ಮೇಲೆ ಅವನ ಬೆನ್ನಿಗೇನಾಯಿತೆಂದು ಬರೆದಿಲ್ಲ. ಜಾತ್ರೆಯ ಜನಕ್ಕೂ ಅಷ್ಟೇ. ಕೇಕೆ ಹಾಕುವವರಿಗೆ ಕಲ್ಲು ಎದ್ದರಾಯಿತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆ ಇಂಥ ಕಡೆ ಹುಟ್ಟಿದ್ದೇ ಇರಬೇಕು. ಬಿದ್ದುದನ್ನು ಒಪ್ಪಿಕೊಳ್ಳುವುದು, ‘ನನ್ನಿಂದಾಗದು’ ಎನ್ನುವುದು ಅಲ್ಲಿ ಮಾನದ ಪ್ರಶ್ನೆ.

ಈಗ ಕಡಲಾಚೆಗೆ ಹೋಗೋಣ. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಗಾಯಗೊಂಡ ಸೈನಿಕರು ಅಮೆರಿಕದ ಆಸ್ಪತ್ರೆಗಳಲ್ಲಿ ತುಂಬಿದ್ದರು. ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ ಕೃಶವಾದ ಕಾಲುಗಳಿಗೆ ಮರಳಿ ಬಲ ತರಿಸಬೇಕಾಗಿತ್ತು. ಥಾಮಸ್ ಡಿಲಾರ್ಮ್ ಎಂಬ ಸೈನ್ಯದ ವೈದ್ಯ ಹಗುರ ಭಾರವನ್ನು ಬಹಳ ಸಲ ಎತ್ತುವ ಹಳೆಯ ರೂಢಿಯನ್ನು ಬಿಟ್ಟು ಭಾರವನ್ನು ಕ್ರಮವಾಗಿ ಏರಿಸುವ ಪದ್ಧತಿಯನ್ನು ತಂದನು. ೧೯೪೫ರಲ್ಲಿ ಅದನ್ನು ಪ್ರಕಟಿಸಿದನು. ಒಬ್ಬ ರೋಗಿ ಹತ್ತು ಸಲ ಮಾತ್ರ ಎತ್ತಬಲ್ಲ, ಹನ್ನೊಂದನೆಯ ಸಲ ಎತ್ತಲಾರದ ಭಾರ ಯಾವುದೋ ಅದೇ ಆ ರೋಗಿಯ ಅಳತೆ. ೧೯೪೮ರಲ್ಲಿ ವಾಟ್ಕಿನ್ಸನೊಡನೆ ಸೇರಿ ಅವನು ಇದನ್ನು ಸರಳಗೊಳಿಸಿದನು: ಮೊದಲು ಆ ಭಾರದ ಅರ್ಧವನ್ನು ಹತ್ತು ಸಲ, ಆಮೇಲೆ ಮುಕ್ಕಾಲನ್ನು ಹತ್ತು ಸಲ, ಕೊನೆಗೆ ಪೂರ್ಣ ಭಾರವನ್ನು ಹತ್ತು ಸಲ.

‘ಅರ್ಧ’ ಎಂಬ ಮಾತು ಇಲ್ಲಿ ಕಾಣಿಸಿಕೊಂಡೊಡನೆ ನಮ್ಮಲ್ಲಿ ಕೆಲವರಿಗೆ ಹಿಗ್ಗು. ಎಲ್ಲವನ್ನೂ ನಮ್ಮ ಹಿರಿಯರು ಮೊದಲೇ ಹೇಳಿಬಿಟ್ಟಿದ್ದಾರೆಂದು ಎದೆ ತಟ್ಟಿಕೊಳ್ಳುವುದು ಸುಲಭ. ಆದರೆ ಎರಡು ಅರ್ಧಗಳೂ ಒಂದಲ್ಲ. ಡಿಲಾರ್ಮನದು ಕಬ್ಬಿಣದ ಅರ್ಧ. ಕೊನೆಯ ಸರದಿಯಲ್ಲಿ ಅವನ ರೋಗಿ ಪೂರ್ಣಬಲವನ್ನೇ ವ್ಯಯಮಾಡುತ್ತಾನೆ. ಸುಶ್ರುತನದು ಮನುಷ್ಯನ ಅರ್ಧ. ಆರೋಗ್ಯವಂತ ದಿನದಿನವೂ ಮಾಡಬಹುದಾದ ವ್ಯಾಯಾಮಕ್ಕೆ ಹಾಕಿದ ಮಿತಿ. ಒಬ್ಬನ ಗುರಿ ಕಳೆದುಕೊಂಡ ಬಲವನ್ನು ಮರಳಿ ಪಡೆಯುವುದು, ಇನ್ನೊಬ್ಬನದು ಇದ್ದ ಆರೋಗ್ಯವನ್ನು ಕಾಯುವುದು. ಹಿರಿಯರಿಗೆ ಗೌರವ ಸಲ್ಲಬೇಕಾದುದು ಅವರು ಹೇಳಿದ ಮಾತಿಗೆ, ಹೇಳದ ಮಾತಿಗಲ್ಲ.

ಸುಶ್ರುತನ ದಾರಿಗೆ ನಿಜವಾಗಿ ಹತ್ತಿರ ಬಂದವನು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್. ಅವನು ೧೯೬೨ರ ತನ್ನ ಪ್ರಬಂಧದಲ್ಲಿ ಒಂದು ಸರಳವಾದ, ಆದರೆ ಆ ಕಾಲಕ್ಕೆ ಧೈರ್ಯದ ಪ್ರಶ್ನೆಯನ್ನು ಎತ್ತಿಕೊಂಡನು. ದುಡಿಯುತ್ತಿರುವ ಮನುಷ್ಯನನ್ನೇ ‘ನಿನಗೆ ಎಷ್ಟು ಕಷ್ಟವಾಗುತ್ತಿದೆ?’ ಎಂದು ಕೇಳಿದರೆ ಆ ಉತ್ತರವನ್ನು ಅಂಕಿಯಾಗಿ ನಂಬಬಹುದೆ? ಮುಂದೆ ಅವನು ರೂಪಿಸಿದ ಮಾನದಂಡ ಆರರಿಂದ ಆರಂಭವಾಗಿ ಇಪ್ಪತ್ತರಲ್ಲಿ ಮುಗಿಯುತ್ತದೆ. ಈ ವಿಚಿತ್ರ ಲೆಕ್ಕಕ್ಕೆ ಕಾರಣವುಂಟು: ಹೇಳಿದ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಆರೋಗ್ಯವಂತ ಯುವಕನ ನಾಡಿಯ ಬಡಿತ ಸುಮಾರಾಗಿ ದೊರೆಯಬೇಕೆಂದು ಅವನ ಆಲೋಚನೆ. ಸುಮ್ಮನಿದ್ದಾಗ ಅರವತ್ತು, ತುತ್ತತುದಿಯ ಶ್ರಮದಲ್ಲಿ ಇನ್ನೂರು. ೧೯೮೨ರಲ್ಲಿ ಸೊನ್ನೆಯಿಂದ ಹತ್ತರವರೆಗಿನ ಇನ್ನೊಂದು ಮಾನದಂಡವನ್ನೂ ಅವನು ಕೊಟ್ಟನು. ಬೋರ್ಗ್ ೨೦೨೦ರಲ್ಲಿ ತೀರಿಕೊಂಡನು. ಅವನ ಅಳತೆಗೋಲು ಇಂದಿಗೂ ಜಗತ್ತಿನ ಆಸ್ಪತ್ರೆಗಳಲ್ಲಿಯೂ ಆಟದ ಮೈದಾನಗಳಲ್ಲಿಯೂ ಬಳಕೆಯಲ್ಲಿದೆ.

ಭಾರ ಎತ್ತುವವರಿಗೆ ಈ ಅಂಕಿಯನ್ನು ಹೊಂದಿಸಿಕೊಳ್ಳುವುದು ಸ್ವಲ್ಪ ತೊಡಕಾಯಿತು. ನಾಲ್ಕು ಸಲ ಎತ್ತಿ ಇಳಿಸುವಷ್ಟರಲ್ಲಿ ನಾಡಿ ಏನೂ ಹೇಳುವುದಿಲ್ಲ. ಆದುದರಿಂದ ಪ್ರಶ್ನೆಯ ರೂಪವನ್ನೇ ಬದಲಿಸಿದರು: ‘ಇನ್ನೆಷ್ಟು ಸಲ ಎತ್ತಬಲ್ಲೆ?’ ಇನ್ನೊಂದು ಸಲವೂ ಆಗದು ಎಂದರೆ ಹತ್ತು. ಒಂದು ಆಗಬಹುದೆಂದರೆ ಒಂಬತ್ತು. ಎರಡು ಎಂದರೆ ಎಂಟು. ಈ ಕ್ರಮ ಮೊದಲು ಭಾರ ಎತ್ತುವ ಸ್ಪರ್ಧಾಳುಗಳಲ್ಲಿ ಹಬ್ಬಿತು. ೨೦೧೬ರ ಸುಮಾರಿಗೆ ವಿಜ್ಞಾನಿಗಳು ಪ್ರಯೋಗಮಾಡಿ ನೋಡಿದ ವರದಿಗಳೂ ಬಂದುವು. ಹಳಬರ ಉತ್ತರ ಸತ್ಯಕ್ಕೆ ಹತ್ತಿರ. ಹೊಸಬರ ಉತ್ತರ ಅಷ್ಟು ನಂಬತಕ್ಕದ್ದಲ್ಲ. ಶಕ್ತಿ ಬಹಳ ಉಳಿದಿರುವಾಗ ಊಹೆ ತಪ್ಪುವುದು ಹೆಚ್ಚು. ಕೊನೆ ಹತ್ತಿರವಾದಂತೆ ಊಹೆ ನಿಖರವಾಗುತ್ತದೆ. ಇನ್ನೊಂದು ಸಂಗತಿಯೂ ಈಚಿನ ಪ್ರಯೋಗಗಳಿಂದ ಕಂಡುಬಂದಿದೆ. ಬಲ ಬೆಳೆಯುವುದಕ್ಕೆ ಪ್ರತಿ ಸಲವೂ ಕೈಸೋಲುವವರೆಗೆ ಎತ್ತಲೇಬೇಕೆಂಬ ನಿಯಮವಿಲ್ಲ. ಒಂದೆರಡು ಸಲದ ಶಕ್ತಿಯನ್ನು ಉಳಿಸಿಕೊಂಡು ನಿಲ್ಲಿಸುವವನಿಗೂ ಬಲವೃದ್ಧಿ ಬಹುಮಟ್ಟಿಗೆ ಅಷ್ಟೇ.

ತಾಲೀಮಿನಲ್ಲಿ ಉಸ್ತಾದ ಕಣ್ಣಿನಿಂದ ಅಳೆದದ್ದನ್ನು ಇಲ್ಲಿ ಶಿಷ್ಯನೇ ತನ್ನೊಳಗೆ ನೋಡಿ ಹೇಳಬೇಕು. ಅದಕ್ಕೆ ಅಭ್ಯಾಸ ಬೇಕು, ಮಾತೂ ಬೇಕು. ಕನ್ನಡ ಕಲಿಸುವವನಿಗೆ ಇಲ್ಲಿ ಒಂದು ಮಾತು ಹೇಳುವ ಅವಕಾಶವಿದೆ. ಬೋರ್ಗನ ಅಂಕಿಗಳ ಪಕ್ಕದಲ್ಲಿ ‘ಹಗುರ’, ‘ಸ್ವಲ್ಪ ಕಷ್ಟ’, ‘ಕಷ್ಟ’, ‘ಬಹು ಕಷ್ಟ’ ಎಂಬಂಥ ಮಾತುಗಳಿವೆ. ಕಷ್ಟವೆಂಬ ಒಂದೇ ಮಾತಿಗೆ ವಿಶೇಷಣಗಳನ್ನು ಅಂಟಿಸುವುದಕ್ಕಿಂತ ನಮ್ಮ ಜನ ಆಡುವ ಮಾತನ್ನು ಕೇಳಿದರೆ ಮೆಟ್ಟಿಲುಗ್ಗಟ್ಟಲೆ ಬೇರೆ ಬೇರೆ ಶಬ್ದಗಳೇ ಸಿಗುತ್ತವೆ. ಮೊದಲು ಮೈ ಬಿಸಿಯಾಗುತ್ತದೆ. ಆಮೇಲೆ ಬೆವರು ಒಡೆಯುತ್ತದೆ. ಅನಂತರ ದಣಿವು. ಅದರ ಮೇಲೆ ದಮ್ಮು ಹತ್ತುವುದು, ಏದುಸಿರು. ಮತ್ತೂ ಮುಂದೆ ಹೋದರೆ ಬಳಲಿಕೆ. ಹಳಗನ್ನಡದ ಕವಿಗಳ ಕಾಲದಿಂದಲೂ ಇರುವ ಮಾತು. ಕಟ್ಟಕಡೆಗೆ ಹೈರಾಣ. ದಣಿದವನು ನೀರು ಕುಡಿದು ಮತ್ತೆ ಏಳುತ್ತಾನೆ. ಹೈರಾಣಾದವನು ಅಂದು ಏಳುವುದಿಲ್ಲ. ಕಮಲಾಪುರದ ಬಾಳೆಯ ತೋಟದಲ್ಲಿ ಗೊನೆ ಹೊರುವ ಹೆಣ್ಣುಮಗಳಿಗೆ ದಣಿವಿಗೂ ಹೈರಾಣಕ್ಕೂ ಇರುವ ಅಂತರವನ್ನು ಯಾವ ವಿಜ್ಞಾನಿಯೂ ಕಲಿಸಬೇಕಾಗಿಲ್ಲ. ಬೋರ್ಗನ ಮಾನದಂಡವನ್ನು ಕನ್ನಡಕ್ಕೆ ತರುವವರು ನಿಘಂಟನ್ನು ತೆರೆಯುವ ಮೊದಲು ಆಕೆಯನ್ನು ಕೇಳುವುದು ಲೇಸು.

ಇಷ್ಟೆಲ್ಲ ಹೇಳಿದ ಮೇಲೆ ಮೂಲಪ್ರಶ್ನೆಗೆ ಬರಬೇಕು. ಶ್ರಮದ ಅಳತೆಯ ಚರಿತ್ರೆಯೆಂದರೆ, ವಿಚಾರಮಾಡಿ ನೋಡಿದರೆ, ‘ಸಾಕು’ ಎನ್ನುವ ಅಧಿಕಾರ ಯಾರದೆಂಬುದರ ಚರಿತ್ರೆಯೂ ಹೌದು. ಮಲ್ಲವಿನೋದದಲ್ಲಿ ಅದು ಅರಸನದು, ತಾಲೀಮಿನಲ್ಲಿ ಉಸ್ತಾದನದು, ಜಾತ್ರೆಯಲ್ಲಿ ನೆರೆದ ಜನರದು, ಬೋರ್ಗನಲ್ಲಿ ದುಡಿಯುವವನದು. ಹಮಾಲನ ವಿಷಯದಲ್ಲಿ ಅದು ಯಾರದು? ಅವನಿಗೆ ಕೂಲಿ ಬರುವುದು ಚೀಲದ ಲೆಕ್ಕದ ಮೇಲೆ. ಹತ್ತು ಚೀಲಕ್ಕೆ ಇಷ್ಟು, ನೂರಕ್ಕೆ ಇಷ್ಟು. ಅರ್ಧಬಲಕ್ಕೆ ನಿಲ್ಲಿಸಿದರೆ ಅರ್ಧ ಕೂಲಿ. ಹೀಗಿರುವಾಗ ಉಸಿರು ಬಾಯಿಗೆ ಬಂತೆಂದು ಚೀಲ ಕೆಳಗಿಡುವ ಸ್ವಾತಂತ್ರ್ಯ ಅವನಿಗೆಲ್ಲಿದೆ?

ಕಾನೂನು ಈ ಪ್ರಶ್ನೆಯನ್ನು ಮುಟ್ಟಿದೆ. ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಕೂಡದೆಂದು ೧೯೪೮ರ ಕಾರ್ಖಾನೆಗಳ ಕಾಯ್ದೆ ವಿಧಿಸಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ೧೯೬೭ರಲ್ಲಿ ಕೂಲಿಕಾರ ಹೊರಬಹುದಾದ ಭಾರದ ಮಿತಿಯ ಬಗೆಗೆ ಒಂದು ಒಪ್ಪಂದವನ್ನೇ ಮಾಡಿತು. ಒಪ್ಪಂದದಲ್ಲಿ ಅಂಕಿಯಿಲ್ಲ, ಆರೋಗ್ಯಕ್ಕೂ ಸುರಕ್ಷತೆಗೂ ಕುಂದು ತರುವಷ್ಟು ಭಾರ ಬೇಡವೆಂಬ ತತ್ತ್ವ ಮಾತ್ರ ಇದೆ. ಜೊತೆಗೆ ಹೊರಡಿಸಿದ ಶಿಫಾರಸಿನಲ್ಲಿ ವಯಸ್ಕ ಗಂಡಸಿಗೆ ೫೫ ಕಿಲೋ ಎಂದು ಹೇಳಿತು. ಭಾರತ ಈ ಒಪ್ಪಂದವನ್ನು ಅಂಗೀಕರಿಸಿದ್ದು ೨೦೧೦ರಲ್ಲಿ, ನಲವತ್ತಮೂರು ವರ್ಷಗಳ ಬಳಿಕ. ೧೦೦ ಕಿಲೋದ ಗೋಣಿಚೀಲ ನಮ್ಮ ಧಾನ್ಯದ ಪೇಟೆಗಳಲ್ಲಿ ಬಹುಕಾಲ ರೂಢಿಯಲ್ಲಿದ್ದುದನ್ನು ನೆನೆದರೆ ಈ ೫೫ ಎಂಬ ಅಂಕಿ ಎಷ್ಟು ದೂರದ ಮಾತೆಂಬುದು ತಿಳಿಯುತ್ತದೆ. ಆ ಚೀಲದ ಅಳತೆ ಮಾಡಿದವರು ವ್ಯಾಪಾರದ ಅನುಕೂಲವನ್ನು ನೋಡಿದರು. ಅದನ್ನು ಹೊರುವ ಬೆನ್ನನ್ನು ನೋಡಲಿಲ್ಲ.

ಜಿಮ್ಮಿನ ಹುಡುಗನ ಸ್ಥಿತಿ ಹಮಾಲನಂತಲ್ಲ. ಅವನ ಮೇಲೆ ಯಾರ ಬಲವಂತವೂ ಇಲ್ಲ. ಭಾರವನ್ನು ಕೆಳಗಿಟ್ಟರೆ ಯಾರೂ ಕೂಲಿ ಕಡಿಯುವುದಿಲ್ಲ. ಆದರೂ ಅವನು ಜಾತ್ರೆಯ ಜನರನ್ನು ತನ್ನ ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಾನೆ. ಎತ್ತುವಾಗ ಗೆಳೆಯ ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಾನೆ. ನೋಡುವವರು ಕೇಕೆ ಹಾಕುತ್ತಾರೆ. ರೂಢಿಯಿಲ್ಲದ ದೇಹವನ್ನು ಒಮ್ಮೆಲೇ ಅತಿಯಾಗಿ ದುಡಿಸಿದರೆ, ಅದರಲ್ಲಿಯೂ ಸೆಕೆಗಾಲದಲ್ಲಿ ನೀರಿಲ್ಲದೆ ದುಡಿಸಿದರೆ, ಸ್ನಾಯುಗಳು ಒಡೆದು ಅದರ ಕಶ್ಮಲ ರಕ್ತಕ್ಕೆ ಸೇರಿ ಮೂತ್ರಪಿಂಡಗಳು ಕೆಡಬಹುದೆಂದು ಇಂದಿನ ವೈದ್ಯರು ಎಚ್ಚರಿಸುತ್ತಾರೆ. ಮೂತ್ರದ ಬಣ್ಣ ಕಪ್ಪಾಗುವುದು ಅದರ ಗುರುತು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಚರಕನ ಸಿಂಹ ಇನ್ನೂ ಆನೆಯನ್ನು ಎಳೆಯುತ್ತಲೇ ಇದೆ. ಬಿಸಿಲುಗಾಲದಲ್ಲಿ ನಿನ್ನೆಯ ಭಾರವೇ ಇಂದು ಹೆಚ್ಚೆನಿಸಿದರೆ ಅದು ಅಂಜುಬುರುಕುತನವಲ್ಲ. ಅದೇ ಕೆಲಸಕ್ಕೆ ಸೆಕೆಯಲ್ಲಿ ಗುಂಡಿಗೆ ಹೆಚ್ಚು ಬಡಿಯಬೇಕಾಗುತ್ತದೆ. ತಟ್ಟೆಯ ಮೇಲಿನ ಅಂಕಿಗೆ ಹವೆ ತಿಳಿಯದು, ಮೈಗೆ ತಿಳಿಯುತ್ತದೆ.

ಅದೇ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನೆಂಬ ಶರಣನಿದ್ದನು. ಬಿದ್ದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ಸೇರಿಸದೆ ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳೆಂದು ಕಥೆ. ನಾವು ಈ ಕಥೆಯನ್ನು ಆಸೆಯ ಮಿತಿಯ ಕಥೆಯಾಗಿ ತರಗತಿಯಲ್ಲಿ ಪಾಠ ಮಾಡುತ್ತೇವೆ. ಶ್ರಮದ ಮಿತಿಯ ಕಥೆಯಾಗಿಯೂ ಓದುವುದಕ್ಕೆ ಅಡ್ಡಿಯಿಲ್ಲ. ಕಾಯಕವನ್ನು ಕೈಲಾಸವೆಂದವರೇ ಅದಕ್ಕೊಂದು ಅಳತೆಯನ್ನೂ ಇಟ್ಟುಕೊಂಡಿದ್ದರು. ಅರಮನೆಯ ಮಲ್ಲನಿಗೆ ಇಲ್ಲದಿದ್ದ ‘ಸಾಕು’ ಎನ್ನುವ ಅಧಿಕಾರ ಅದೇ ಊರಿನ ಬಡವರ ಗುಡಿಸಲಿನಲ್ಲಿತ್ತು.

ಒಂದು ಕೆಲಸ ಮಾತ್ರ ನಮ್ಮಿಂದ ಆಗಬೇಕಾಗಿದೆ. ಸುಶ್ರುತನ ಮಾತು ಗ್ರಂಥದಲ್ಲಿದೆ, ಸೋಮೇಶ್ವರನ ಮಾತು ಗ್ರಂಥದಲ್ಲಿದೆ, ಬೋರ್ಗನ ಮಾತು ಜಗತ್ತಿಗೆಲ್ಲ ಗೊತ್ತು. ತಾಲೀಮಿನ ಉಸ್ತಾದರು ಕಣ್ಣಿನಿಂದ ಅಳೆದ ವಿದ್ಯೆಯನ್ನು ಬರೆದಿಟ್ಟವರು ಕಡಿಮೆ. ಹಳೆಯ ಗರಡಿಗಳು ಒಂದೊಂದಾಗಿ ಬಾಗಿಲು ಮುಚ್ಚುತ್ತಿವೆ. ಶಿಷ್ಯನ ತೋಳಿನ ಯಾವ ನಡುಕಕ್ಕೆ ನಿಲ್ಲಿಸುತ್ತಿದ್ದರು, ಯಾವ ನಡುಕಕ್ಕೆ ‘ಇನ್ನೊಂದು’ ಎನ್ನುತ್ತಿದ್ದರು, ಬೇಸಗೆಯಲ್ಲಿ ಎಷ್ಟು ಕಡಿಮೆ ಮಾಡಿಸುತ್ತಿದ್ದರು, ಜ್ವರದಿಂದ ಎದ್ದವನಿಗೆ ಎಷ್ಟು ದಿನ ಬಿಡುವು ಕೊಡುತ್ತಿದ್ದರು ಎಂಬುದನ್ನು ಹೇಳಬಲ್ಲ ಮುದುಕರು ಕಲಬುರಗಿಯ ಹಳೆಯ ಓಣಿಗಳಲ್ಲಿ, ಕಮಲಾಪುರದ ಸುತ್ತಣ ಹಳ್ಳಿಗಳಲ್ಲಿ ಇನ್ನೂ ಸಿಕ್ಕಾರು. ಅವರ ಮಾತನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳುವುದಕ್ಕೆ ನಮ್ಮ ವಿದ್ಯಾರ್ಥಿಗಳಿಗೆ ಒಂದು ಬೇಸಗೆಯ ರಜೆ ಸಾಕು. ಹಾಗೆಯೇ ಗಂಜಿಗೂ ಒಮ್ಮೆ ಹೋಗಿ ಬರಲಿ. ಎಷ್ಟನೆಯ ಚೀಲಕ್ಕೆ ಉಸಿರು ಬಾಯಿಗೆ ಬರುತ್ತದೆಂದು ಅಲ್ಲಿಯೂ ಕೇಳಿ ಬರೆದುಕೊಳ್ಳಲಿ.